ಗುರುತಿನ ಕೊಂಬೆ

ಹೆಪ್ಪುಗಟ್ಟಿದ ಕಡಲ ಮೇಲೆ
ಕಿಹ್ನು ದ್ವೀಪಕ್ಕೆ ಹೋಗುವ ದಾರಿ
ಇವತ್ತು ತೆರೆಯಬೇಕೋ ಬೇಡವೋ
ಹೇಳಬೇಕಾದ್ದು ನಾನು ಬರೆದ ನಲವತ್ತು ಸಾಲು ಸಿ.

ನಸುಕಿಗೇ ಎಂಡೆಲ್ ಬೈರಿಗೆ ಹೊತ್ತು ಹೊರಡುತ್ತಾನೆ.
ಗಡ್ಡೆಗೆ ತೂತು ಕೊರೆದು, ಕೋಲಿಳಿಸಿ, ದಪ್ಪ ನೋಡಿ
ರೇಡಿಯೋದಲ್ಲಿ ಕೂಗುತ್ತಾನೆ:
ಮೂವತ್ತೊಂದು. ಇಪ್ಪತ್ತೆಂಟು. ಮೂವತ್ತು.
ಒಂದು ದಿನ ಹನ್ನೆರಡು ತೂತು, ಒಂದು ದಿನ ಐವತ್ತು,
ಗಾಳಿ ಬಿಟ್ಟಷ್ಟು.
ಎಷ್ಟು ಮಂದಿ ಬರುತ್ತಾರೆಂದು ಗೊತ್ತಿಲ್ಲದೆ
ಎಷ್ಟು ಎಲೆ ಹಾಕಲಿ?

ಮೊದಲ ಸಲ
ಫಂಕ್ಷನ್ನಿನ ಒಳಗೇ ಅರೇ ಹಾಸಿದೆ,
ನೂರು ಸಾಕೆಂದುಕೊಂಡು.
ಅಳತೆಗಳನ್ನು ಸಾಲಾಗಿ ಕೂರಿಸಿ
ವಿಳಾಸವನ್ನಷ್ಟೇ ಹೊರಗೆ ಕಳಿಸಿದೆ.
ಕಂಪೈಲರ್ ಗೊಣಗಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.
ಮೊದಲ ಸಂಖ್ಯೆ ಸರಿಯಾಗೇ ಬಂತು, ಮೂವತ್ತೊಂದು
(ಮೋಸ ಇರುವುದು ಅಲ್ಲೇ).
ಎರಡನೆಯದು ಮೈನಸ್ ಏಳು ಕೋಟಿ.
ಮೈನಸ್ ಏಳು ಕೋಟಿ ಸೆಂಟಿಮೀಟರ್ ಗಡ್ಡೆ!

ಎಂಡೆಲ್ ನಕ್ಕ, ಮೀಸೆಯ ಮಂಜು ಉದುರಿತು.
ಅವನಿಗೆ ಸಿ ಗೊತ್ತಿಲ್ಲ.
"ಮಾರ್ಚ್ ಕೊನೆಗೆ ಬಂದು ನೋಡು," ಅಂದ,
"ದಾರಿಗೆ ನೆಟ್ಟ ಜುನಿಪರ್ ಕೊಂಬೆ ಇನ್ನೂ ನಿಂತೇ ಇರುತ್ತೆ,
ಅಡಿಯಲ್ಲಿ ಗಡ್ಡೆ ಕೊಳೆತಿರುತ್ತೆ.
ಕೊಂಬೆ ನಂಬಿ ಕಾಲಿಟ್ಟವನು..."
ಮಾತು ಅಲ್ಲಿಗೇ ಬಿಟ್ಟು
ಥರ್ಮಾಸಿನ ಮುಚ್ಚಳ ತಿರುಗಿಸತೊಡಗಿದ.

ನನ್ನ ಕೈಲಿದ್ದದ್ದು ಬರೀ ಕೊಂಬೆ.
ಫಂಕ್ಷನ್ ಮುಗಿದ ಗಳಿಗೆಯೇ ಅದರ ನೆಲ ನೀರು.

ಆಮೇಲೆ ಕೇಳಿ ಪಡೆದೆ, ಮ್ಯಾಲಕ್:
ತೂತುಗಳ ಲೆಕ್ಕ ಗುಣಿಸು ಒಂದೊಂದರ ಗಾತ್ರ,
ನಾನು ಎದ್ದು ಹೋದಮೇಲೂ ಉಳಿಯುವ ಜಾಗ,
ದಡದ ಮಣ್ಣಿನಂಥದ್ದು.
ಅದು ಇಲ್ಲವೆನ್ನಲೂಬಹುದು.
ಇಲ್ಲವೆಂದದ್ದು ಕೇಳಿಸಿಕೊಳ್ಳಲಿಕ್ಕೇ ಒಂದು ಇಫ್ ಬರೆದೆ.

ಇನ್ನೊಂದು ಕಷ್ಟ. ವಿಳಾಸಕ್ಕೆ ತನ್ನ ಉದ್ದ ಗೊತ್ತಿಲ್ಲ.
ಮೊದಲ ಕೊಂಬೆ ತೋರಿಸುತ್ತದೆ,
ಕೊನೆಯದು ಎಲ್ಲಿ ಅಂದರೆ ಸುಮ್ಮನಿರುತ್ತದೆ.
ಕರೆದವರು ಒಂದು ಖಾಲಿ ಡಬ್ಬಿ ಕೊಟ್ಟು ಕಳಿಸಲಿ,
ಎಣಿಕೆ ಅದರಲ್ಲಿ ತುಂಬಿ ಕೊಡುತ್ತೇನೆ:
ಇವತ್ತು ಇಪ್ಪತ್ತಮೂರು. ಅದರಾಚೆ ತೆರೆದ ನೀರು,
ಯಾರದೋ.

ಮಧ್ಯಾಹ್ನ ದಾರಿ ತೆರೆಯಿತು.
ಅಂಚೆಯ ವ್ಯಾನು, ಅದರ ಹಿಂದೆ ವೈಕೆಯ ಹಳೇ ಕಾರು,
ಇಬ್ಬರೂ ಸೀಟುಬೆಲ್ಟ್ ಬಿಚ್ಚಿ
(ಇಲ್ಲಿ ಹಾಗೇ ನಿಯಮ, ಮುಳುಗಿದರೆ ಹೊರಗೆ ಹಾರಲು)
ನನ್ನ ಸಂಖ್ಯೆಗಳ ಮೇಲೆ ಮೆಲ್ಲಗೆ ಹೋದರು.
ಉಸಿರು ಬಿಟ್ಟಿದ್ದು ಆಮೇಲೆ.

ಪಡೆದದ್ದನ್ನು ಬಿಡುವುದು ಯಾರು?
ತಂದ ಫಂಕ್ಷನ್ ಆಗಲೇ ಮನೆ ಸೇರಿದೆ.
ಹೆಡರ್ ಫೈಲಿನ ನೆತ್ತಿಯ ಮೇಲೆ ಬರೆದಿಟ್ಟೆ:
ಇಸಕೊಂಡವರೇ ಬಿಡತಕ್ಕದ್ದು. ಒಂದೇ ಸಲ.
ಕಿತ್ತ ಕೊಂಬೆಯನ್ನು ಮತ್ತೆ ಕೀಳಹೋದವನ ಕೈಗೆ
ಏನು ಸಿಗುತ್ತದೋ ಹೇಳಲಾಗದು.

ಏಪ್ರಿಲ್‌ನಲ್ಲಿ ಎಂಡೆಲ್ ಕಿತ್ತು ತಂದ ಜುನಿಪರನ್ನೆಲ್ಲ
ಮೀನಿಗೆ ಹೊಗೆಯಿಡುವ ಗೂಡಿಗೆ ತುರುಕುತ್ತಾನಂತೆ.
ನನಗೂ ಒಂದು ಮೀನು ಇದೆಯಂತೆ,
ಸುತ್ತಿಕೊಳ್ಳಲು ಕಾಗದ ಮಾತ್ರ
ನಾನೇ ತರಬೇಕಂತೆ.