ಮೀಟರು ಓದುವವ

ಬರ್ರಿ. ಚಪ್ಪಲಿ ಬಿಗಿಮಾಡಿಕೊಳ್ರಿ,
ಪಾಚಿ ಹತ್ತಿದ ಚಿರೇಕಲ್ಲು ಹೇಳದ ಜಾರಸ್ತದ.
ಆ ನಕಾಶಿ ಮಡಚಿ ಇಡ್ರಿ, ಸಾಹೇಬ್ರ,
ಅದರಾಗ ಈ ಊರು ಒಂದು ನುಶಿ ಕೂತಷ್ಟು ಅದ.
ನಾ ಇಲ್ಲಿ ಕರೆಂಟಿನ ಮೀಟರು ಓದಾಕ ಹತ್ತಿ
ಇಪ್ಪತ್ತೆರಡು ವರ್ಷ ಆತು.
ನಾಯಿಗಳೂ ಈಗ ಬೊಗಳೂದು ಬಿಟ್ಟು ಆಕಳಸ್ತಾವ.

ಇದು ಮೆನೆಜಿಸರ ಮನಿ. ಮುಂದ ಹನ್ನೆರಡು ಕಿಟಕಿ,
ಗಾಜಿನ ಬದಲಿ ತೆಳ್ಳನ ಸಿಂಪಿನ ಚಿಪ್ಪು,
ಬಿಸಲು ಒಳಗ ಹೋಗೂದರಾಗ ಹಾಲಾಗಿರತದ.
ಗಂಡ ಹೆಂಡತಿ ಕೈ ಹಿಡಕೊಂಡು ಕುಣಿಯೂ ಹಾಲಿನ್ಯಾಗ
ಈಗ ಕೊಬ್ರಿ ಒಣಗಸ್ತಾರ.
ಮ್ಯಾಲ ಝುಂಬರ, ಹಡಗಿನ್ಯಾಗ ಬಂದದ್ದಂತ.
ಉರಿಯೂದು ಮಾತ್ರ ಅಡಗಿಮನಿ ಬಲ್ಬು ಒಂದ.
ತಿಂಗಳಿಗೆ ಒಂಬತ್ತು ಯುನಿಟ್ಟು.
ಎರ್ಮೆಲಿಂಡಾ ಬಾಯಿ ಕೇಳಿದರ ಚಾ ಕೊಡತಾಳ,
ಕೇಳದಿದ್ದರೂ ಕೊಡತಾಳ.
ಸತ್ತ ಗಂಡನ ಬಂಗಾರದ ಹಲ್ಲಿನ ಕಥಿ ಕೇಳಬೇಕು, ಅಷ್ಟ.

ಕ್ವಾಟಿ ಎಲ್ಲಿ ಅಂದ್ರೇನು?
ಇದ ಕ್ವಾಟಿ. ಈ ಒಂದು ಮೂಲಿ,
ಆಲದ ಬೇರು ಅಪ್ಪಿಕೊಂಡು ನಿಂತದ್ದು.
ಉಳಿದದ್ದು ಎಲ್ಲೂ ಹೋಗಿಲ್ಲ, ಊರಾಗ ಅದ:
ಬ್ರೆಡ್ಡಿನ ಪೊದೇರನ ಒಲಿ, ಸಾಲಿ ಮೆಟ್ಟಲು,
ಮೀಟರು ನಾಕನೂರಾ ಹದಿನೇಳರ ಹಂದಿ ದೊಡ್ಡಿ.
ಯಾವ ರಾಜಾ ಕಟ್ಟಿದ್ನೋ ಏನೋ,
ಕಡೀಕ ಅದು ಎಲ್ಲಾರಿಗೂ ಸ್ವಲ್ಪ ಸ್ವಲ್ಪ ಕಾವಲಾತು.

ನೀವು ಬಂದದ್ದು ಕಲ್ಲಿನ ಸಲುವಾಗಿ ಅಲ್ಲಾ?
ಹಿಂಗ ಝರಿ ಕಡೆ ಇಳೀರಿ.
ಹುಲಿಗೆವ್ವಾ, ಸ್ವಲ್ಪ ಬಾಜೂಕ ಸರಿ,
ಧಾರವಾಡದಿಂದ ಬಂದಾರ, ಕಲ್ಲು ಓದವರು.
ನೋಡ್ರಿ, ಅರಿವಿ ಒಗಿಯೂ ಈ ಕಲ್ಲು.
ಇಲ್ಲೊಂದು ‘ಶ್ರೀ’, ಅಲ್ಲಿ ‘ಗ’ ಇದ್ದಂಗ,
ನಡುವ ಒಂದು ಕೊಂಬು, ಯಾವುದರದೋ.
ಉಳಿದ ಅಕ್ಷರೆಲ್ಲ ಮಡಗಾಂವ ಹೋಟೆಲಿನ
ಚಾದರಿನ್ಯಾಗ ಹೋಗ್ಯಾವ.
ಆಕಿ ಅಂದದ್ದು ಕೇಳಿದ್ರ್ಯಾ?
‘ನುಣಪಿನ ಕಡೆಗಿಂತ ಬರದ ಕಡೆ
ಕೊಳಿ ಲಗೂನ ಬಿಡತದ್ರಿ.’

ಬರಕೊಳ್ರಿ, ಬರಕೊಳ್ರಿ. ನಾ ಬೀಡಿ ಸೇದತೇನಿ.

ಇನ್ನ ಗುಡ್ಡ. ಮ್ಯಾಲ ಬಿಳೇ ಕುರಸಿನ ಗುಡಿ.
ಮೆಟ್ಟಲು ಎಣಸಬ್ಯಾಡ್ರಿ,
ಏರೂವಾಗಿನ ಲೆಕ್ಕ ಇಳಿಯೂವಾಗ ಕೂಡೂದಿಲ್ಲ.
ಹಾ, ಇಲ್ಲಿ ನಿಂದರ್ರಿ. ಗಾಳಿ ಈ ಕಡೆಯಿಂದನ ಬರತದ.
ಕೆಳಗ ಕುಶಾವತಿ, ಒಂದು ಡೊಂಕು, ಇನ್ನೊಂದು ಡೊಂಕು,
ನಡುವ ಗದ್ದಿ, ಗದ್ದಿ ತುಂಬ ಬೆಳ್ಳಕ್ಕಿ.
ಆಚಿ ಕೆಂಪಗ ಕಾಣತದಲ್ಲ, ಅದು ಗುಡ್ಡ ಅಲ್ಲರಿ,
ಗುಡ್ಡ ಇದ್ದ ಜಾಗಾ.
ಅದು ಹಡಗು ಏರಿ ಹೋಗಿ
ಯಾವುದೋ ದೇಶದಾಗ ಸೇತುವಿ ಆಗಿರಬೇಕು.
ಮೂಡಣದ ನೀಲಿ ಗೆರಿ ಘಟ್ಟ.
ಅಪ್ಪ ಅಲ್ಲಿಂದ ಹಳಿ ರಿಪೇರಿಗೆ ಬಂದಾಂವ
ಹಳಿ ಮ್ಯಾಲ ತಿರುಗಿ ಹೋಗಲಿಲ್ಲ.
ಅದರ ಬಗ್ಗೆ ಹೇಳೂವಂಥಾದ್ದು ಏನೂ ಇಲ್ಲ.

ಮಂದಿ ಇಲ್ಲಿ ಹೊತ್ತು ಮುಳುಗೂದು ನೋಡಾಕ ಬರತಾರ.
ನಾ ಅದು ಮುಳುಗಿದ ಮ್ಯಾಲ ಬರತೇನಿ.
ಒಂದೊಂದ ದೀಪ ಹತ್ತತಾವ ನೋಡ್ರಿ:
ಪೊದೇರಂದು, ದವಾಖಾನಿದು,
ಎರ್ಮೆಲಿಂಡಾನ ಒಂಬತ್ತು ಯುನಿಟ್ಟು.
ಹೆಸರು ಮರೀತೇನಿ, ನಂಬರ ಮರಿಯಂಗಿಲ್ಲ.
ಆ ಮಾವಿನ ಗಿಡದ ಹಿಂದ ಕತ್ತಲಿ ಅದಲ್ಲ,
ಮುನ್ನೂರಾ ಎಂಬತ್ತೆಂಟು.
ಮನಿಯವರು ಲಿಸ್ಬನ್ನಿಗೆ ಹೋಗಿ ಹನ್ನೊಂದು ವರ್ಷ,
ಪ್ರತಿ ತಿಂಗಳ ಗೇಟಿನ ಸಂದಿಯಿಂದ ಬಗ್ಗಿ ನೋಡಿ
ಸೊನ್ನಿ ಬರೀತೇನಿ,
ಗಾಲಿ ತಿರುಗಿದ್ದ ನಾ ಕಂಡಿಲ್ಲ...

ತಡೀರಿ.

ಅದು ಮಿಂಚುಹುಳ ಅಲ್ಲ ಹೌದಲ್ರಿ?
ನಿಮಗೂ ಕಾಣತದಲ್ಲ, ಮಾಡದ ಕಿಟಕ್ಯಾಗ,
ಹಳದಿ, ಹಳೇ ನಮೂನಿ ಬಲ್ಬು.
ಕಳ್ಳರು ದೀಪ ಹಚ್ಚಂಗಿಲ್ಲ.
ಸತ್ತವರೂ ಹಚ್ಚಂಗಿಲ್ಲ, ಅವರಿಗೆ ಬಿಲ್ಲಿನ ಅಂಜಿಕಿ.

ಇಳಿಯೂಣು ಬರ್ರಿ, ಸಾವಕಾಶ.
ಟಾರ್ಚು ಈಗ ಬ್ಯಾಡ.
ಗೇಟಿನ ತನಕ ಹೋಗಿ
ಅಲ್ಲಿ ಹೊರಗ ನಿಂತು, ಸುಮ್ಮನ,
ಗಾಲಿ ತಿರುಗೂ ಸಪ್ಪಳ ಕೇಳೂಣು.