ಉಳಿದ ನೂಲು

ಅಪ್ಪನ ದೋಣಿ ಎಲ್ಲಿ ಎಂದು ಅವನನ್ನು ಕೇಳಬೇಡ ಕಾಜಿಸುವಾ,
ಕೇಳಿದರೆ ತಂಬಾಕು ಹುಡುಕುವವನಂತೆ ಹೊರಗೆ ಹೋಗಿಬಿಡುತ್ತಾನೆ.
ನನ್ನನ್ನು ಕೇಳು.

ಎರಡು ರಾತ್ರಿ ನೋವು ತಿಂದಿದ್ದೆ.
ಸೂಲಗಿತ್ತಿ ಕೈ ತೊಳೆದುಕೊಂಡು ಗಾಳಿ ನೋಡಿದಳು:
‘ನನ್ನ ಕೈ ಮೀರಿತು, ಮುರುಂಬೆಗೆ ಹೊರಡಿ.’
ಅದೇ ದೋಣಿ. ಹಾಯಿ ಬಿಚ್ಚಿದರೆ ಗಾಳಿ ಎದುರು.
ಹುಟ್ಟು ಹಾಕುತ್ತ ಅವನು,
ಮೀನು ನಾರುವ ಹಲಗೆಗೆ ಬೆನ್ನು ಒತ್ತಿ ನಾನು,
ಒಳಗೆ ಅಡ್ಡ ಮಲಗಿ ಜಪ್ಪಯ್ಯ ಎಂದರೂ ತಿರುಗದ ನೀನು.

ಆಸ್ಪತ್ರೆಯಲ್ಲಿ ಮೊದಲು ಬಂದದ್ದು ಡಾಕ್ಟರಲ್ಲ, ಚೀಟಿ.
ಶಾಲೆಯ ಪುಸ್ತಕದಿಂದ ಹರಿದ ಹಾಳೆ, ಮುದ್ದಾದ ಅಕ್ಷರ.
ನರ್ಸು ಓದಿ ಹೇಳಿದಳು:
ಕೈಗವಸು ಮೂರು ಜೊತೆ, ಬ್ಲೇಡು ಎರಡು,
ಗ್ಲೂಕೋಸು ನಾಲ್ಕು ಬಾಟಲಿ, ಹತ್ತಿ, ಅರಿವಳಿಕೆ, ಹೊಲಿಯುವ ನೂಲು,
ಕೊನೆಗೆ, ಬೇರೆ ಶಾಯಿಯಲ್ಲಿ,
ಜನರೇಟರಿಗೆ ಐದು ಲೀಟರ್ ಡೀಸೆಲ್.
ನನ್ನ ಹೊಟ್ಟೆ ಕೊಯ್ಯುವ ಕತ್ತಿಯನ್ನು
ನಾವೇ ಕೊಂಡು ತಂದು ಅವರ ಕೈಗಿಡಬೇಕಿತ್ತು, ಮಗಳೇ.
ಆಪರೇಷನ್ ಪುಕ್ಕಟೆ ಎಂದು ಗೋಡೆಯ ಮೇಲೆ ಬರೆದಿತ್ತಂತೆ.
ನಿನ್ನಪ್ಪನಿಗೆ ಓದು ಬಾರದು. ಒಳ್ಳೆಯದೇ ಆಯಿತು.

ಫಾರಾಫಾತ್ಸೆ ಮರ ಕಡಿದು, ಕಾಡಿನಿಂದ ಮೂರು ದಿನ ಎಳೆತಂದು,
ನಮ್ಮ ಮದುವೆಯ ವರ್ಷ ಕೊರೆದ ದೋಣಿ ಅದು.
ಆಕ್ಟೋಪಸ್ ಕೊಳ್ಳುವ ಸಾಹುಕಾರ
ಆಸ್ಪತ್ರೆಯ ಹಿಂದೆ, ಮರಳಿನಲ್ಲಿ, ಟಾರ್ಚು ಹಿಡಿದು
ಹಲಗೆ ಹಲಗೆ ತಟ್ಟಿ ನೋಡಿದ.
ಕಿಟಕಿಯಿಂದ ನನ್ನ ಕೂಗು ಅಲ್ಲಿಗೂ ಕೇಳುತ್ತಿತ್ತು.
ಒಂದೊಂದು ಕೂಗಿಗೂ ಅವನು ಬೆಲೆ ಇಳಿಸಿದ.

ನೀನು ಬಂದೆ. ಅತ್ತೆ.
ಅಷ್ಟು ಹೊತ್ತು ಯಾರೂ ಆರಿಯಾರಿ ಲೆಕ್ಕ ಹೇಳಲಿಲ್ಲ.

ಆಮೇಲೆ ಹಾಸಿಗೆಯ ಬಾಡಿಗೆ ತೀರುವವರೆಗೆ
ಹನ್ನೊಂದು ದಿನ ನಾವಿಬ್ಬರೂ ಅಲ್ಲೇ ಒತ್ತೆ.
ಗೇಟಿನವನಿಗೆ ನಮ್ಮ ಮುಖ ತೋರಿಸಿಟ್ಟಿದ್ದರು.
ಪಕ್ಕದ ಮಂಚದವಳ ಮಗು ಉಳಿಯಲಿಲ್ಲ.
ಅವಳ ಚೀಟಿಯೂ ನನ್ನದಷ್ಟೇ ಉದ್ದವಿತ್ತು.
ಅವಳು ಸೆರಗಿನ ತುದಿಗೆ ಅದನ್ನು ಕಟ್ಟಿಕೊಂಡು
ನಿನಗೆ ಎರಡು ಸಲ ಹಾಲು ಕೊಟ್ಟಳು.
ಹೆಸರು ಕೇಳಲಿಲ್ಲ ನಾನು. ಈಗ ಕೇಳಬೇಕಿತ್ತು ಅನಿಸುತ್ತದೆ.

ದೋಣಿಯಲ್ಲಿ ಹೋದವರು ಎತ್ತಿನ ಗಾಡಿಯಲ್ಲಿ ಬಂದೆವು,
ಗಾಡಿಯವನಿಗೂ ಬಾಕಿ ಹೇಳಿ.
ಅಂದಿನಿಂದ ಅವನು ಇನ್ನೊಬ್ಬರ ದೋಣಿಯಲ್ಲಿ ಮೂರರಲ್ಲೊಂದು ಪಾಲಿನವನು.
ಕೆಲವು ಬೆಳಗು ದೂರದ ಹಾಯಿಯೊಂದನ್ನು ನೋಡಿ
‘ಎಡಕ್ಕೆ ವಾಲುತ್ತೆ, ಅದರ ಚಾಳಿ ಅದು’ ಅನ್ನುತ್ತಾನೆ.
ಯಾವುದು ಎಂದು ನಾನು ಕೇಳುವುದಿಲ್ಲ.

ಈಗ ನನಗೆ ಮತ್ತೆ ಐದು ತಿಂಗಳು.
ಒಮ್ಮೆ ಕೊಯ್ದ ಹೊಟ್ಟೆ, ಮುಂದೆಯೂ ಕೊಯ್ಯಬೇಕಾದೀತು
ಎಂದು ಆ ನರ್ಸೇ ಹೇಳಿದ್ದಳು.
ನಿನ್ನೆ ನೀನು ಹಾಲುಪುಡಿಯ ಡಬ್ಬಿ ಅಲ್ಲಾಡಿಸಿ
‘ಇದರಲ್ಲಿ ದೋಣಿ ಇದೆಯಾ’ ಎಂದೆ.

ಇಲ್ಲ. ಇದರಲ್ಲಿ ಸದ್ಯಕ್ಕೆ
ಎರಡು ಜೊತೆ ಕೈಗವಸಿದೆ,
ಒಂದು ಬ್ಲೇಡು, ಗ್ಲೂಕೋಸು ಅರ್ಧ ಬಾಟಲಿ.
ಸೂರಿನಲ್ಲಿ ಸಿಕ್ಕಿಸಿದ ಆ ಪೊಟ್ಟಣ ಇದೆಯಲ್ಲ,
ನೀನು ಕವಡೆ ಪೋಣಿಸಲು ಕೇಳುತ್ತೀಯಲ್ಲ,
ಅದರಲ್ಲಿ ಅಂದು ಉಳಿದ ನೂಲಿದೆ.
ಅದನ್ನು ಮುಟ್ಟಬೇಡ.