ಉಕ್ಕು

ಡಿಸೆಂಬರಿನ ಆ ವಾರ ಬಂತೆಂದರೆ
ಫೋನು ಹಿಡಿಯುವ ಕೆಲಸ ನನ್ನದು.
ಮಾವನ ಕೈ ನಡುಗುತ್ತದೆ; ಸಕ್ಕರೆ ಡಬ್ಬಿಗೆ ಒರಗಿಸಿಟ್ಟರೆ
ಬರೀ ಹಣೆ ಕಾಣುತ್ತದಂತೆ ಲಿಸ್ಬನ್ನಿನವರಿಗೆ.

ಹಳೇನಗರದ ಹುಡುಗಿ ನಾನು,
ನ್ಯೂ ಟೌನಿನ ಈ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದು
ಕೊಂಕಣಿ ಕಲಿತೆ. ಇವರ ಪೋರ್ಚುಗೀಸು ಮಾತ್ರ
ಕಿವಿಯ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಂತಿದೆ.

ಒಂದು ಚೌಕದಲ್ಲಿ ಫಿರ್ಮಿನ್,
ಸ್ವಿಂಡನ್ನಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿದವನು.
ಒಂದರಲ್ಲಿ ಎರ್ಮೆಲಿಂದ, ಬೆನ್ನ ಹಿಂದೆ
ಗಾಜಿನೊಳಗೆ ಅವಳಪ್ಪನ ಸಮವಸ್ತ್ರ.
ಟೊರಾಂಟೊದಲ್ಲಿ ಇನ್ನೂ ಕತ್ತಲೆ, ಕಂಬಳಿ ಹೊದ್ದೇ ಕೂತಿದ್ದಾನೆ ಬೊನಿಫಾಸ್.
ಗೋವೆ ಸೋತಾಗ ಮೂವರೂ ಹುಟ್ಟಿರಲಿಲ್ಲ.

ನಡುನಡುವೆ ಕೊಂಕಣಿಗೆ ಇಳಿದಾಗ ಅಷ್ಟಿಷ್ಟು ಸಿಗುತ್ತದೆ:
ಸೇತುವೆ ಒಡೆದದ್ದು ನಮ್ಮವರೇ, ಅನ್ನುತ್ತಾನೆ ಒಬ್ಬ, ಹೆಮ್ಮೆಯಿಂದ.
ಒಂದೂವರೆ ದಿನದ ಯುದ್ಧವನ್ನು ಎಳೆದೆಳೆದು
ಹೋದ ವರ್ಷ ಮೂರು ದಿನ ಮಾಡಿದ್ದಳು ಎರ್ಮೆಲಿಂದ,
ಈ ಸಲ ನಾಲ್ಕು.
ನನ್ನ ಶಾಲೆಯ ಪುಸ್ತಕದಲ್ಲಿ ಇದರ ಹೆಸರು ವಿಮೋಚನೆ,
ಎರಡು ಅಂಕದ ಪ್ರಶ್ನೆ. ಹೇಳಲಿಲ್ಲ.

ಅಲ್ಲಿದ್ದವರಲ್ಲಿ ಉಳಿದಿರುವುದು ಮಾವ ಒಬ್ಬರೇ.
"ತಿಯು ಕಾಯ್ತಾನ್, ಎಷ್ಟು ಗುಂಡು ಹಾರಿಸಿದಿರಿ?"
ಇವರು ನಗುತ್ತಾರೆ. ಹಲ್ಲಿನ ಸೆಟ್ಟು ಹಾಕಿಲ್ಲ,
ನಾನು ಫೋನು ಸ್ವಲ್ಪ ಮೇಲೆತ್ತುತ್ತೇನೆ.

ನನಗೆ ಹೇಳಿದ್ದು ಬೇರೆ. ಒಂದೇ ಸಲ, ಕರೆಂಟು ಹೋದ ರಾತ್ರಿ:
ಹತ್ತೊಂಬತ್ತರ ಪ್ರಾಯ, ದಂಡಿನ ಬೇಕರಿಯಲ್ಲಿ ಕೆಲಸ.
ಇನ್ನೂರು ಜನಕ್ಕೆ ಹಿಟ್ಟು ನಾದಿ, ಕಳ್ಳು ಸುರಿದು,
ಬಟ್ಟೆ ಮುಚ್ಚಿ ಮಲಗಿದ್ದರು.
ನಸುಕಿಗೆ ಓಡಿ ಅಂದರು. ಓಡಿದರು.
ಮರುಸಂಜೆ ಕೈ ಮೇಲೆತ್ತಿಕೊಂಡು ಅದೇ ದಾರಿಯಲ್ಲಿ ಬಂದರೆ
ಹಿಟ್ಟು ಕೊಪ್ಪರಿಗೆ ದಾಟಿ, ಮೇಜು ದಾಟಿ,
ಬಾಗಿಲ ಸಂದಿಯಿಂದ ಬೀದಿಗೆ ಇಳಿಯುತ್ತಿತ್ತಂತೆ.
ಒಬ್ಬ ಸಿಖ್ ಸಿಪಾಯಿ ಬೆರಳಲ್ಲಿ ಒತ್ತಿ ನೋಡಿ ಏನೋ ಕೇಳಿದ.
"ಒಲೆ ಎಲ್ಲಿ ಅಂತ ಇರಬೇಕು," ಅಂದರು ಮಾವ.

ಆಮೇಲೆ ಭದ್ರಾವತಿ, ಕುಲುಮೆಯ ಮುಂದೆ ಮೂವತ್ತೊಂದು ವರ್ಷ.
ಕನ್ನಡದಲ್ಲಿ ಮೊದಲು ಕಲಿತ ಪದ, ಉಕ್ಕು.
ಹಾಲಿಗೂ ಅದೇ, ಹಿಟ್ಟಿಗೂ ಅದೇ ಅಂತ ತಿಳಿದ ದಿನ
ಶಿಫ್ಟಿನಲ್ಲೇ ಕೂತು ನಕ್ಕರಂತೆ;
ಫೋರ್ಮನ್ ಅರ್ಧ ದಿನದ ಸಂಬಳ ಹಿಡಿದ.

ಎರ್ಮೆಲಿಂದ ಅಳುತ್ತಿದ್ದಾಳೆ. ಒಂದು ನಿಮಿಷ ಮೌನ, ಅನ್ನುತ್ತಾರೆ.
ಚೌಕಗಳೆಲ್ಲ ಕಣ್ಣು ಮುಚ್ಚುತ್ತವೆ.
ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ.
ಕಣ್ಣು ಮುಚ್ಚದ ಮಾವ ನನ್ನತ್ತ ತಿರುಗಿ
ಪಿಸುಗುಡುತ್ತಾರೆ, ಕನ್ನಡದಲ್ಲಿ:
"ಎಷ್ಟನೇದು? ಮೂರಾದರೆ ಆರಿಸು."